ಎರಡು ಮೊಣಕೈ, ಒಂದು ಚಿವುಟು

ಅಕ್ಟೋಬರ್ ಎಂಟು, ಬುಧವಾರ, ಬೆಳಗಿನ ಆರೂವರೆ. ಸ್ಥಳ, ಬಾಗಲಕೋಟೆಯ ನನ್ನ ಮನೆಯ ಪಡಸಾಲೆ. ಹಾಜರಿದ್ದವರು: ನಾನು, ಇಳಕಲ್ಲಿನ ಮೊಮ್ಮಗಳು, ಹುನಗುಂದದ ಮೊಮ್ಮಗಳು. ಇಳಕಲ್ಲಿನವಳು ಹಿರಿಯ ಮಗಳ ಮಗಳು, ಎಂಟು ವರ್ಷ. ಹುನಗುಂದದವಳು ಕಿರಿಯ ಮಗಳ ಮಗಳು, ಏಳು ವರ್ಷ. ದಸರಾ ರಜೆಗೆಂದು ಇಬ್ಬರೂ ನನ್ನಲ್ಲಿದ್ದರು. ಹಲ್ಲು ತಿಕ್ಕಿ, ಮುಖ ತೊಳೆದು, ಚಾಪೆಯ ಮೇಲೆ ಎದುರುಬದುರು ಕೂತಿದ್ದರು.

ಹೀಗೆ ಬರೆಯುವುದು ನನ್ನ ಹಳೆಯ ರೂಢಿ. ನನ್ನ ಕೆಲಸದ ಆಯುಷ್ಯವೆಲ್ಲ ದವಾಖಾನೆಯಲ್ಲಿ ನರ್ಸಾಗಿ ಕಳೆಯಿತು, ಅದರಲ್ಲೂ ಹೆಚ್ಚಿನ ಕಾಲ ಎಲುಬಿನ ವಾರ್ಡಿನಲ್ಲಿ. ದಿನಾಂಕ, ಹೊತ್ತು, ಯಾರಿದ್ದರು, ಯಾವ ಹಾಸಿಗೆಯಲ್ಲಿ ಏನಾಯಿತು ಎಂದು ಬರೆದಿಡದೆ ನಾವು ಮನೆಗೆ ಹೋಗುವಂತಿರಲಿಲ್ಲ. ನಿವೃತ್ತಿಯಾದ ಮೇಲೆ ವಾರ್ಡು ಬಿಟ್ಟಿತು, ಬರೆಯುವ ವಹಿ ಬಿಡಲಿಲ್ಲ. ಈಗಲೂ ನಳ ಬಂದ ಹೊತ್ತು, ಹಾಲು ಒಡೆದದ್ದು, ಪಕ್ಕದ ಮನೆಯ ಬೆಕ್ಕು ಒಳಗೆ ಬಂದದ್ದು ಎಲ್ಲ ಅದರಲ್ಲಿರುತ್ತದೆ.

ಅಂದಿನ ಮೊದಲ ಕೆಲಸ ಉಂಗುರ. ಹೆಬ್ಬೆರಳು ಮತ್ತು ತೋರುಬೆರಳಿನ ತುದಿಗಳನ್ನು ಕೂಡಿಸಿ ದುಂಡಗೆ ಉಂಗುರದ ಆಕಾರ ಮಾಡಬೇಕು. ಹುನಗುಂದದವಳು ಎರಡೂ ಕೈಯಲ್ಲಿ ಮಾಡಿ, ಕಣ್ಣಿಗೆ ಹಿಡಿದು, ಚಾಳೀಸು ಹಾಕಿಕೊಂಡಂತೆ ನನ್ನನ್ನು ನೋಡಿದಳು. ಇಳಕಲ್ಲಿನವಳ ಎಡಗೈ ಉಂಗುರ ಬಂತು. ಬಲಗೈದು ಬರಲಿಲ್ಲ. ಎರಡೂ ಬೆರಳು ಹತ್ತಿರ ಬರುತ್ತವೆ, ತುದಿಯ ಗೆಣ್ಣು ಮಾತ್ರ ಬಾಗುವುದಿಲ್ಲ. ಉಂಗುರದ ಬದಲು ಬಾತುಕೋಳಿಯ ಚಪ್ಪಟೆ ಕೊಕ್ಕಾಗುತ್ತದೆ. ನಾಗರಪಂಚಮಿಯಾಗಿ ಹತ್ತು ವಾರವಾಗಿತ್ತು. ಹತ್ತು ವಾರದಿಂದ ಅದೇ ಕೊಕ್ಕು. ವಹಿಯಲ್ಲಿ ಬರೆದೆ: ಉಂಗುರ ಇಲ್ಲ.

ಅಷ್ಟರಲ್ಲಿ ಇಳಕಲ್ಲಿನಿಂದ ಹಿರಿಯ ಮಗಳ ಫೋನು ಬಂತು. ದಿನಾ ಅದೇ ಹೊತ್ತಿಗೆ ಬರುತ್ತದೆ. ಅವಳು ಹೆಚ್ಚು ಮಾತಾಡುವುದಿಲ್ಲ. ಬಂತೇನು ಎಂದು ಕೇಳುತ್ತಾಳೆ, ಇಲ್ಲ ಎಂದು ನಾನು ಹೇಳುತ್ತೇನೆ, ಹಿಂದಿನಿಂದ ಮಗ್ಗದ ಸದ್ದು ಕೇಳುತ್ತಿರುತ್ತದೆ. ಅವರದು ಸೀರೆ ನೇಯುವ ಮನೆ. ಇಳಕಲ್ಲ ಸೀರೆಗೆ ಸೆರಗು ಬೇರೆ, ಮೈ ಬೇರೆ. ಎರಡರ ಎಳೆಗಳನ್ನೂ ಒಂದಕ್ಕೊಂದು ಕೊಂಡಿ ಹಾಕಿ ಕೂಡಿಸುವುದು ಬೆರಳ ತುದಿಯ ಕೆಲಸ. ನನ್ನ ಮೊಮ್ಮಗಳು ಶಾಲೆಯಿಂದ ಬಂದವಳೇ ಅಲ್ಲಿಯ ಅಜ್ಜಿಯ, ಅಂದರೆ ಅಪ್ಪನ ತಾಯಿಯ, ಮಗ್ಗುಲಲ್ಲಿ ಕೂತು ಹಾಳು ನೂಲಿನಲ್ಲಿ ಕೊಂಡಿ ಹಾಕುವ ಆಟ ಆಡುತ್ತಿದ್ದಳು. ಈಗ ಆ ನೂಲಿನ ಗಂಟನ್ನು ಚೀಲದಲ್ಲಿಟ್ಟುಕೊಂಡು ಬಂದಿದ್ದಾಳೆ, ಬಿಚ್ಚಿಲ್ಲ.

ಇದೆಲ್ಲ ಶುರುವಾದದ್ದು ಒಂದು ಶೇಂಗಾ ಉಂಡಿಯಿಂದ.

ಪಂಚಮಿಗೆ ನಾವೆಲ್ಲ ಸೇರುವುದು ಬಾದಾಮಿಯಲ್ಲಿರುವ ನನ್ನ ತಮ್ಮನ ಮನೆಯಲ್ಲಿ. ಅವನ ಹಿತ್ತಲಲ್ಲಿ ದೊಡ್ಡ ಬೇವಿನ ಮರವಿದೆ. ಹಬ್ಬದ ಹಿಂದಿನ ದಿನ ಅವನು ಜೋಕಾಲಿ ಕಟ್ಟಿ, ತಾನೇ ಹತ್ತಿ ಜಗ್ಗಿ ನೋಡಿ, ಗಟ್ಟಿಯಿದೆ ಎಂದು ಸಾರುತ್ತಾನೆ. ಹಗ್ಗ ಎಂದೂ ಹರಿದಿಲ್ಲ. ಬೀಳುವವರು ತಮ್ಮ ಗುಣದಿಂದ ಬೀಳುತ್ತಾರೆ. ವಾರ್ಡಿನಲ್ಲಿದ್ದಾಗ ಪಂಚಮಿಯ ವಾರಕ್ಕೆಂದೇ ನಾನು ಪ್ಲಾಸ್ಟರ್ ಪಟ್ಟಿಗಳನ್ನು ಹೆಚ್ಚು ತರಿಸಿಡುತ್ತಿದ್ದೆ. ಊರೂರಿನಿಂದ ಮೊಣಕೈ ಹಿಡಿದುಕೊಂಡ ಮಕ್ಕಳು ಬರುವರು, ಅವರ ಹಿಂದೆ ಉಂಡಿಯ ಡಬ್ಬಿ ಹಿಡಿದ ತಾಯಂದಿರು.

ಅಂದು ನನ್ನ ಮೊಮ್ಮಕ್ಕಳಿಬ್ಬರೂ ಒಂದೇ ಹಲಗೆಯ ಮೇಲೆ ಎದುರುಬದುರು ನಿಂತು ಜೀಕುತ್ತಿದ್ದರು. ಲಂಗ ಹಾರುತ್ತಿದ್ದವು, ಬೇವಿನೆಲೆ ಉದುರುತ್ತಿದ್ದವು, ನನ್ನ ಹೆಣ್ಣುಮಕ್ಕಳಿಬ್ಬರೂ ಕೆಳಗೆ ನಿಂತು ಇನ್ನೂ ಮೇಲೆ, ಇನ್ನೂ ಮೇಲೆ ಎಂದು ಹುರಿದುಂಬಿಸುತ್ತಿದ್ದರು. ನಾನೂ ಚಪ್ಪಾಳೆ ತಟ್ಟುತ್ತಿದ್ದೆ ಎಂದು ಬರೆಯದಿದ್ದರೆ ವಹಿ ಸುಳ್ಳಾಗುತ್ತದೆ. ಇಳಕಲ್ಲಿನವಳ ಬಾಯಿಂದ ಅರ್ಧ ಉಂಡಿ ಹೊರಗೆ ಕಾಣುತ್ತಿತ್ತು. ಹುನಗುಂದದವಳು ಕತ್ತು ಚಾಚಿ ಆ ಅರ್ಧವನ್ನು ಹಕ್ಕಿಯಂತೆ ಕಚ್ಚಿಕೊಂಡಳು. ಇಳಕಲ್ಲಿನವಳು ಬಲಗೈ ಹಗ್ಗದಿಂದ ಬಿಟ್ಟು ತಂಗಿಯ ತೋಳನ್ನು ಚಿವುಟಿದಳು. ಆ ಚಿವುಟು ನಮ್ಮ ಮನೆತನದಲ್ಲಿ ಹೆಸರಾದದ್ದು. ಉಗುರಿನ ಎರಡು ಗುರುತು ಸಂಜೆಯವರೆಗೆ ಉಳಿಯುತ್ತಿತ್ತು. ಚಿವುಟಿಸಿಕೊಂಡವಳು ಎರಡೂ ಕೈ ಬಿಟ್ಟಳು, ಹಲಗೆ ವಾಲಿತು. ಮುಂದಿನದು ನೆಲ.

ಇಬ್ಬರೂ ಕೈ ಊರಿ ಬಿದ್ದಿದ್ದರು. ಹುನಗುಂದದವಳ ಮೊಣಕೈ ಬಾತಿತ್ತು, ಆದರೆ ನೆಟ್ಟಗಿತ್ತು. ಇಳಕಲ್ಲಿನವಳದು ಅಡ್ಡ ತಿರುಗಿ ನಿಂತಿತ್ತು. ಸಮೀಪದ ಊರಿನಲ್ಲಿ ಮುರಿದ ಎಲುಬು ತಿಕ್ಕಿ ಕಟ್ಟುವವರೊಬ್ಬರಿದ್ದಾರೆ ಎಂದು ತಮ್ಮನ ಹೆಂಡತಿ ಹೇಳಿದಳು. ನಾನು ಆಗಲೇ ಕಟ್ಟಲು ಏನು ಸಿಗುತ್ತದೆಂದು ನೋಡುತ್ತಿದ್ದೆ. ಒಬ್ಬಳಿಗೆ ಗೋಡೆಯ ಕ್ಯಾಲೆಂಡರ್ ಸುತ್ತಿದೆ, ಇನ್ನೊಬ್ಬಳಿಗೆ ಅಂದಿನ ಪೇಪರು, ಮೇಲೆ ಟವೆಲು. ಇದ್ದ ಸೊಟ್ಟಿನಲ್ಲೇ ಕಟ್ಟಿದೆ, ನೆಟ್ಟಗೆ ಮಾಡಲು ಹೋಗಲಿಲ್ಲ. ನನ್ನ ತಮ್ಮ ಕಾರು ಓಡಿಸಲು ಪಕ್ಕದ ಮನೆಯ ಹುಡುಗನನ್ನು ಕರೆದು ತಾನು ಹಿಂದೆ ನಮ್ಮ ಜೊತೆ ಕೂತ. ಹೆಣ್ಣುಮಕ್ಕಳಿಬ್ಬರೂ ಹಿಂದಿನಿಂದ ಬಸ್ಸಿನಲ್ಲಿ ಬರುವುದೆಂದಾಯಿತು. ಗಾಬರಿಯಾದರೆ ಅವನಿಗೆ ಓದುವ ಚಟ. ಕುಳಗೇರಿ ಕ್ರಾಸಿನವರೆಗೆ ಹುನಗುಂದದವಳ ಕೈಗೆ ಸುತ್ತಿದ ಪೇಪರನ್ನೇ ಬಗ್ಗಿ ಓದಿದ. ಅವಳು ಅಳುವುದನ್ನು ನಿಲ್ಲಿಸಿ, ಸುದ್ದಿ ಮುಂದಿನ ಪುಟದಲ್ಲಿದೆಯೆಂದರೆ ಕೈ ತಿರುಗಿಸಲೇ ಎಂದು ಕೇಳಿದಳು. ನಾನು ಬೇಡವೆಂದೆ.

ನಾನು ದಾರಿಯುದ್ದಕ್ಕೂ ಇಳಕಲ್ಲಿನವಳ ಮಣಿಕಟ್ಟಿನಲ್ಲಿ ನಾಡಿ ಹಿಡಿದೇ ಕೂತಿದ್ದೆ. ನಾಡಿ ಇತ್ತು, ಬೆರಳು ಬೆಚ್ಚಗಿದ್ದವು. ಮೊಣಕೈಯ ಮೇಲ್ಗಡೆ ಎಲುಬು ಮಕ್ಕಳಲ್ಲಿ ತೆಳು. ಅದು ಮುರಿದು ಸರಿದರೆ ಅದರ ಮುಂದೆಯೇ ಹಾಯುವ ರಕ್ತನಾಳಕ್ಕೂ ನರಕ್ಕೂ ಪೆಟ್ಟಾಗಬಹುದು. ಅದಕ್ಕೇ ಉಂಗುರ ಮಾಡು ಎಂದೆ. ಮೊದಲ ಸಲ ಆ ಕೊಕ್ಕು ಕಂಡದ್ದು ಆಗ. ಮಗು ನನ್ನ ಮುಖ ನೋಡಿ ಜೋರಾಗಿ ಅಳತೊಡಗಿತು. ಕೆರೂರಿನ ಹತ್ತಿರ, ನಾನು, ಇಷ್ಟು ವರ್ಷ ಹಾಸಿಗೆಯ ತಲೆಯ ಮೇಲೆ "ಬಾಯಿಗೆ ಏನೂ ಕೊಡಬಾರದು" ಎಂಬ ಬೋರ್ಡು ತೂಗುಹಾಕಿದವಳು, ನೀರು ಕೊಟ್ಟ ತಾಯಂದಿರನ್ನು ಬೈದವಳು, ತಮ್ಮನ ಹೆಂಡತಿ ಕಾರಿನಲ್ಲಿಟ್ಟ ಡಬ್ಬಿ ತೆಗೆದು ಒಂದು ಉಂಡಿಯನ್ನು ಆ ಮಗುವಿನ ಬಾಯಿಗಿಟ್ಟೆ. ಅಳು ನಿಂತಿತು.

ಬಾಗಲಕೋಟೆಯ ದವಾಖಾನೆಯಲ್ಲಿ ಅರಿವಳಿಕೆ ಕೊಡುವ ಡಾಕ್ಟರಮ್ಮ ಕೊನೆಗೆ ತಿಂದದ್ದು ಯಾವಾಗ ಎಂದು ಕೇಳಿದಾಗ ಮಗು ನನ್ನನ್ನು ತೋರಿಸಿ, ಕೆರೂರಿನಲ್ಲಿ ಆಯಿ ಉಂಡಿ ಕೊಟ್ಟಳು ಎಂದಿತು. ಡಾಕ್ಟರಮ್ಮ ನನ್ನನ್ನು ನೋಡಿದರು. ನಾನು ಗೋಡೆ ನೋಡಿದೆ. ನಾಡಿ ಸರಿಯಿದ್ದುದರಿಂದ ಕಾಯಬಹುದಿತ್ತು. ಆರು ತಾಸು ಕಾದೆವು. ಆ ಆರು ತಾಸು ಹದಿನೈದು ನಿಮಿಷಕ್ಕೊಮ್ಮೆ ಬೆರಳಿನ ಬಣ್ಣ ನೋಡಿ ಬರೆದೆ, ಯಾರೂ ಬರೆಯಲು ಹೇಳಿರಲಿಲ್ಲ.

ಕಾಯುವಾಗ ತಮ್ಮ ಹುನಗುಂದದವಳ ಎಕ್ಸ್‌ರೇಯನ್ನು ಕಿಟಕಿಗೆ ಹಿಡಿದು ನಿಂತಿದ್ದ.

"ಅಕ್ಕಾ, ಡಾಕ್ಟ್ರು ಸಣ್ಣ ಸೀಳು ಅಂತಾರ. ಇಲ್ಲಿ ಮೂರು ತುಂಡು ಬ್ಯಾರೆ ಬ್ಯಾರೆ ಬಿದ್ದಾವ."

ಎಲುಬಿನ ಡಾಕ್ಟರು ನಗುತ್ತ, ಸೀಳು ಎಷ್ಟಿದೆ ಎಂದು ಖಾತ್ರಿ ಮಾಡಿಕೊಳ್ಳಲು ಪೆಟ್ಟಾಗದ ಕೈಯದೂ ಒಂದು ಎಕ್ಸ್‌ರೇ ತೆಗೆಸಿದರು. ತಮ್ಮ ಎರಡನ್ನೂ ಹೋಲಿಸಿದ, ಚಾಳೀಸು ಒರೆಸಿ ಮತ್ತೆ ಹೋಲಿಸಿದ.

"ಏ, ಆ ಕೈನೂ ಮುರದೈತಲ್ರಿ."

ಮಕ್ಕಳ ಮೊಣಕೈಯಲ್ಲಿ ಎಲುಬಿನ ತುದಿಗಳು ಇನ್ನೂ ಬೆಳೆದು ಕೂಡಿಕೊಂಡಿರುವುದಿಲ್ಲ, ಎಕ್ಸ್‌ರೇಯಲ್ಲಿ ಬಿಡಿ ಕಾಳುಗಳಂತೆ ಕಾಣುತ್ತವೆ ಎಂದು ಡಾಕ್ಟರು ತಿಳಿಸಿ ಹೇಳಬೇಕಾಯಿತು. ಅಷ್ಟರಲ್ಲಿ ತಮ್ಮ ಬಾದಾಮಿಗೆ ಫೋನು ಮಾಡಿ, ಹುಡುಗಿಯ ಎರಡೂ ಕೈ ಹೋಗಿವೆ ಎಂದು ಹೇಳಿ ಮುಗಿಸಿದ್ದ.

ಹುನಗುಂದದವಳದು ಸರಿಯದ ಸೀಳು. ಕೈ ಮಡಿಚಿ ಹಿಂದೆ ಪ್ಲಾಸ್ಟರ್ ಪಟ್ಟಿ ಇಟ್ಟು, ಕೊರಳಿಗೆ ಜೋಲಿ ಕಟ್ಟಿ, ಮೂರು ವಾರ ಎಂದರು. ಮುಗಿಯಿತು. ಇಳಕಲ್ಲಿನವಳದು ಪೂರ್ತಿ ಸರಿದದ್ದು. ಪ್ಲಾಸ್ಟರ್‌ ಅದನ್ನು ಹಿಡಿದು ನಿಲ್ಲಿಸಲಾರದು. ಸಂಜೆ ಅವಳನ್ನು ಮಲಗಿಸಿ, ಕೊಯ್ಯದೆ, ಹೊರಗಿನಿಂದಲೇ ಎಳೆದು ಎಲುಬನ್ನು ಜಾಗಕ್ಕೆ ಕೂಡಿಸಿ, ಚರ್ಮದ ಮೂಲಕ ಎರಡು ಸಣ್ಣ ತಂತಿ ತೂರಿಸಿದರು. ತಂತಿಯ ತುದಿಗಳನ್ನು ಹೊರಗೆ ಬಗ್ಗಿಸಿ ಬಿಟ್ಟು ಮೇಲೆ ಪಟ್ಟಿ ಹಾಕಿದರು. ಬೆರಳಿನ ನರ ಎಳೆದು ಜಖಂ ಆಗಿರಬಹುದು, ಹೆಚ್ಚಾಗಿ ತಾನೇ ಮರಳುತ್ತದೆ, ಕಾಯೋಣ ಎಂದರು.

ಮರುದಿನದಿಂದ ಜಗಳ ಶುರುವಾಯಿತು. ಅಕ್ಕನಿಗೆ ತಂತಿ ಸಿಕ್ಕಿತು, ತನಗೇಕಿಲ್ಲ ಎಂದು ಹುನಗುಂದದವಳು ಊಟ ಬಿಟ್ಟಳು. ತನ್ನದು ಬರೀ ಸುಣ್ಣ ಎಂದಳು. ಅವಳ ಹುನಗುಂದದ ಅಜ್ಜಿ, ಅಂದರೆ ನನ್ನ ಬೀಗತಿ, ಆಪರೇಶನ್ ಇಲ್ಲದೆ ವಾಸಿಯಾಗುವ ಎಲುಬೇ ಉತ್ತಮ ಎಲುಬು ಎಂದು ಸಮಾಧಾನ ಹೇಳಿದರು. ಇಳಕಲ್ಲಿನ ಬೀಗತಿ ಅದನ್ನು ಕೇಳಿಸಿಕೊಂಡು, ತಮ್ಮ ಮೊಮ್ಮಗಳ ಎಲುಬಿಗೇನು ಕಡಿಮೆ ಎಂದರು. ಎರಡು ವಾರ ಬೀಗತಿಯರ ನಡುವೆ ಮಾತಿರಲಿಲ್ಲ. ನಾಲ್ಕನೆಯ ವಾರ ತಂತಿ ತೆಗೆಯುವಾಗ ಇಳಕಲ್ಲಿನವಳು ಕಣ್ಣು ಮುಚ್ಚುವಷ್ಟರಲ್ಲಿ ಒಂದು ಬಂತು, ತೆರೆಯುವಷ್ಟರಲ್ಲಿ ಇನ್ನೊಂದು. ಅವಳು ಎರಡರಲ್ಲೊಂದನ್ನು ತಂಗಿಗೆ ಕೊಡಿಸಿ ಎಂದು ಕೇಳಿದಳು. ಕೊಡಲಿಲ್ಲ.

ಪ್ಲಾಸ್ಟರ್ ಬಿಚ್ಚಿದ ಮೇಲೆ ಮೊಣಕೈ ಬಿಗಿದಿರುವುದು ಸಹಜ. ಹುನಗುಂದದ ಬೀಗತಿ ಔಡಲೆಣ್ಣೆ ಕಾಯಿಸಿಟ್ಟುಕೊಂಡಿದ್ದರು. ಮೊಣಕೈಗೆ ತಿಕ್ಕುವುದು ಸಲ್ಲದು, ತಿಕ್ಕಿದರೆ ಇನ್ನೂ ಬಿಗಿಯುತ್ತದೆ ಎಂದು ನಾನು ಫೋನಿನಲ್ಲಿ ಖಡಕ್ಕಾಗಿ ಹೇಳಿದೆ. ಎಣ್ಣೆ ಅವರ ಮೊಣಕಾಲಿಗಾಯಿತು. ಇಷ್ಟು ಗೊತ್ತಿದ್ದ ನಾನು ರಜೆಗೆ ಮಕ್ಕಳು ಬಂದ ಕೂಡಲೇ ಮಾಡಿದ್ದೇನು? ವೇಳಾಪಟ್ಟಿ ಬರೆದು ಗೋಡೆಗೆ ಅಂಟಿಸಿದೆ. ಆರೂವರೆಗೆ ಉಂಗುರ, ಏಳಕ್ಕೆ ಮೊಣಕೈ ಮಡಿಚುವುದು ಚಾಚುವುದು ಹದಿನೈದು ಸಲ, ಹನ್ನೊಂದಕ್ಕೆ ಮತ್ತೆ, ನಾಲ್ಕಕ್ಕೆ ಮತ್ತೆ, ಪ್ರತಿ ಸಲದ ಕೊನೆಗೆ ಚಿವುಟುವ ಪರೀಕ್ಷೆ. ಚಿವುಟಿಸಿಕೊಳ್ಳಲು ಹುನಗುಂದದವಳು ತಾನಾಗಿ ತೋಳು ಚಾಚುತ್ತಿದ್ದಳು, ಮುಖ ಆ ಕಡೆ ತಿರುಗಿಸಿ, ಕಣ್ಣು ಮುಚ್ಚಿ, ಹಲ್ಲು ಕಚ್ಚಿ. ಪ್ರತಿ ಸಲವೂ ಎರಡು ಮೆತ್ತನೆಯ ಬೆರಳು ಅವಳ ತೋಳಿನ ಮೇಲೆ ಜಾರಿ ಹೋಗುತ್ತಿದ್ದವು. ಅವಳು ಕಣ್ಣು ತೆರೆದು, ನೋವೇ ಆಗಲಿಲ್ಲ ಎಂದು ನಿರಾಶೆಯಿಂದ ಹೇಳುತ್ತಿದ್ದಳು.

ಆ ಬುಧವಾರ ಹತ್ತೂವರೆಗೆ ಡಾಕ್ಟರಿಗೆ ತೋರಿಸುವುದಿತ್ತು. ನಾವು ಹತ್ತಕ್ಕೇ ಹೋಗಿ ಕೂತೆವು. ಈ ಡಾಕ್ಟರು ಹುಡುಗರಾಗಿ ಮೊದಲು ವಾರ್ಡಿಗೆ ಬಂದಾಗ ಪ್ಲಾಸ್ಟರ್ ಪಟ್ಟಿ ನೆನೆಸಿ ಹಿಂಡುವುದನ್ನು ಹೇಳಿಕೊಟ್ಟವಳು ನಾನು, ಹಾಗಾಗಿ ನನ್ನ ವಹಿಯನ್ನು ಮರ್ಯಾದೆಯಿಂದ ಪೂರ್ತಿ ಓದಿದರು. ಎಲುಬು ಚೆನ್ನಾಗಿ ಕೂಡಿತ್ತು. ಕೈ ನೆಟ್ಟಗಿತ್ತು, ಪೂರ್ತಿ ಚಾಚಲು ಸ್ವಲ್ಪ ಬಾಕಿ, ಅದೂ ಬರುತ್ತದೆ ಎಂದರು. ಆಮೇಲೆ ಉಂಗುರ ಮಾಡಿಸಿದರು. ಕೊಕ್ಕು.

ಅವರು ಮಕ್ಕಳನ್ನು ಹೊರಗೆ ಕಳಿಸಿ, ಇನ್ನೂ ನಾಲ್ಕು ವಾರ ನೋಡೋಣ ಎಂದರು. ಆಗಲೂ ಬರದಿದ್ದರೆ ಹುಬ್ಬಳ್ಳಿಗೆ ಹೋಗಿ ನರದ ಪರೀಕ್ಷೆ, ಅಗತ್ಯ ಬಿದ್ದರೆ ಈ ಸಲ ಕೊಯ್ದು ನೋಡುವುದು. ಮಗಳಿಗೆ ಇದನ್ನು ಹೇಗೆ ಹೇಳಲಿ ಎಂದು ನಾನು ಯೋಚಿಸುತ್ತಿರುವಾಗ ಅವರು ವಹಿಯನ್ನು ಮುಚ್ಚಿ ನನ್ನ ಕಡೆ ತಳ್ಳಿದರು.

"ಸಿಸ್ಟರ್, ನರಕ್ಕ ನಿಮ್ಮ ಟೈಮ್‌ಟೇಬಲ್ ಗೊತ್ತಿಲ್ರಿ. ಒಂದು ವಾರ ಈ ವಹಿ ಕಪಾಟಿನ್ಯಾಗ ಇಡ್ರಿ. ಹುಡುಗ್ಯಾರನ್ನ ಆಡಾಕ ಬಿಡ್ರಿ."

ವ್ಯಾಯಾಮ ಎಂದೆ. ಮಕ್ಕಳ ಮೊಣಕೈ ಆಟದಲ್ಲೇ ಸಡಿಲಾಗುತ್ತದೆ, ನೀವೇ ನನಗೆ ಹೇಳಿಕೊಟ್ಟದ್ದು ಎಂದರು. ಅದು ನಿಜ. ಆದರೆ ವಾರ್ಡಿನ ಮಕ್ಕಳು ನನ್ನ ಮೊಮ್ಮಕ್ಕಳಾಗಿರಲಿಲ್ಲ.

ಆಟೋದಲ್ಲಿ ಇಳಕಲ್ಲಿನವಳು ನನ್ನ ಮಗ್ಗುಲಲ್ಲಿ ಕೂತಿದ್ದಳು. ಬಾಗಿಲ ಹೊರಗಿದ್ದರೂ ಎಲ್ಲ ಕೇಳಿಸಿಕೊಂಡಿದ್ದಳು.

"ಆಯಿ, ನಾ ಚಿವುಟಿದ್ದಕ್ಕ ದೇವರು ನನ್ನ ಬೆರಳು ಕಟ್ಟಿ ಹಾಕ್ಯಾನೇನು?"

ಯಾರು ಹೇಳಿದರು ಎಂದು ಕೇಳಿದೆ. ಯಾರೂ ಹೇಳಿರಲಿಲ್ಲ, ಅವಳೇ ಯೋಚಿಸಿದ್ದು. ಹತ್ತು ವಾರ ಅದನ್ನು ಹೊತ್ತುಕೊಂಡಿದ್ದಳು. ನಾನು ದಿನಕ್ಕೆ ಮೂರು ಸಲ ಚಿವುಟು ಎಂದು ಕೂಡಿಸುತ್ತಿದ್ದೆ, ಅವಳು ದಿನಕ್ಕೆ ಮೂರು ಸಲ ಹೆದರುತ್ತಿದ್ದಳು. ದೇವರಿಗೆ ಬೇರೆ ಕೆಲಸವಿದೆ, ನರ ಎಳೆದದ್ದು ಬಿದ್ದದ್ದಕ್ಕೆ, ಚಿವುಟಿದ್ದಕ್ಕಲ್ಲ ಎಂದೆ. ಹುನಗುಂದದವಳು ಮುಂದಿನ ಸೀಟಿನಿಂದ ತಿರುಗಿ, ಹಾಗಿದ್ದರೆ ಉಂಡಿ ಕಸಿದ ತನ್ನ ಹಲ್ಲು ಮೊದಲು ಬೀಳಬೇಕಿತ್ತಲ್ಲ ಎಂದಳು. ಆಮೇಲೆ ನೆನಪಾಗಿ ಬಾಯಿ ಮುಟ್ಟಿಕೊಂಡಳು: ಮುಂದಿನ ಹಾಲುಹಲ್ಲೊಂದು ಹೋದ ವಾರವೇ ಬಿದ್ದಿತ್ತು. ಮೂವರೂ ನಕ್ಕೆವು. ನಗು ಸುರುವಾದದ್ದು ನಿಲ್ಲಲಿಲ್ಲ. ಆಟೋದವನೂ ಯಾಕೆಂದು ಗೊತ್ತಿಲ್ಲದೆ ನಗುತ್ತ ನಮ್ಮ ಓಣಿ ದಾಟಿ ಮುಂದೆ ಹೋಗಿಬಿಟ್ಟ.

ಹನ್ನೆರಡು ಗಂಟೆಗೆ ವಹಿ ಕಪಾಟಿಗೆ ಹೋಯಿತು. ವೇಳಾಪಟ್ಟಿ ಗೋಡೆಯಿಂದ ಬಿಚ್ಚಿದೆ. ಊಟವಾದ ಮೇಲೆ ಏನು ಮಾಡಬೇಕೆಂದು ತಿಳಿಯದೆ ಶುದ್ಧವಾಗಿದ್ದ ಡಬ್ಬಿಗಳನ್ನೇ ಮತ್ತೆ ತೊಳೆದೆ. ಮಕ್ಕಳು ಕಟ್ಟೆಯ ಮೇಲೆ ಆಡುತ್ತಿದ್ದರು. ಏನು ಆಟವೋ, ಒಬ್ಬಳು ಡಾಕ್ಟರು, ಒಬ್ಬಳು ಎಮ್ಮೆ. ಎಮ್ಮೆಗೆ ಆಪರೇಶನ್ ಬೇಕೋ ಬೇಡವೋ ಎಂಬ ಚರ್ಚೆ ಬಹಳ ಹೊತ್ತು ನಡೆಯಿತು. ನಾಲ್ಕಕ್ಕೆ ನಾನು ಅಭ್ಯಾಸಬಲದಿಂದ ಎದ್ದು ನಿಂತೆ, ಮತ್ತೆ ಕೂತೆ. ಕೂತು ಬೇಸತ್ತು, ಕಿರಿಯ ಮಗಳು ಕೊಟ್ಟು ಕಳಿಸಿದ್ದ ಕರದಂಟಿನ ಡಬ್ಬಿ ತೆಗೆದು ಇಬ್ಬರಿಗೂ ಒಂದೊಂದು ತುಂಡು ತಟ್ಟೆಯಲ್ಲಿಟ್ಟು ಕೊಟ್ಟು ಒಳಗೆ ಬಂದೆ.

ನಾಲ್ಕೂ ಹತ್ತಕ್ಕೆ ಓಣಿಯೆಲ್ಲ ಕೇಳುವಂತೆ ಒಂದು ಕಿರುಚಾಟ. ಕೈಯಲ್ಲಿದ್ದ ಡಬ್ಬಿ ಬಿಟ್ಟು ಓಡಿದೆ. ಹುನಗುಂದದವಳು ತೋಳು ಹಿಡಿದುಕೊಂಡು ಕುಣಿಯುತ್ತಿದ್ದಳು. ಕೆನ್ನೆಯ ತುಂಬ ಕರದಂಟು. ಅವಳದು ಮೊದಲೇ ಮುಗಿದಿತ್ತು, ಇದು ಅಕ್ಕನದು. ಇಳಕಲ್ಲಿನವಳು ತನ್ನ ಬಲಗೈಯನ್ನು ತಾನೇ ಹೊಸದಾಗಿ ನೋಡುವವಳ ಹಾಗೆ ಮುಖದ ಮುಂದೆ ಹಿಡಿದು ನಿಂತಿದ್ದಳು.

"ಆಯಿ, ನೋವಾತು. ಖರೇನ ನೋವಾತು," ಎಂದು ಹುನಗುಂದದವಳು ಅಳುತ್ತ, ನಗುತ್ತ, ಕರದಂಟು ನುಂಗುತ್ತ ತೋಳು ತೋರಿಸಿದಳು.

ಚಾಳೀಸು ಹಾಕಿಕೊಂಡು ನೋಡಿದೆ. ಎರಡು ಸಣ್ಣ ಅರ್ಧಚಂದ್ರ, ಒಂದಕ್ಕೊಂದು ಎದುರಾಗಿ. ಚಪ್ಪಟೆ ಬೆರಳಿನಿಂದ ಅವು ಮೂಡುವುದಿಲ್ಲ. ಎರಡೂ ತುದಿ ಬಾಗಿ ಉಗುರು ಊರಬೇಕು. ಉಂಗುರ ಮಾಡು ಎಂದೆ. ಅವಳು ಮಾಡಿದಳು. ಪೂರ್ತಿ ದುಂಡಗಲ್ಲ, ಹೆಬ್ಬೆರಳಿನ ಕಡೆ ತುಸು ತಗ್ಗು, ಆದರೆ ಉಂಗುರ. ಆ ಉಂಗುರದೊಳಗಿಂದ ಅವಳ ಕಣ್ಣು ನನ್ನನ್ನು ನೋಡುತ್ತಿತ್ತು.

ಆಮೇಲಿನ ಒಂದು ತಾಸು ನನಗೆ ಕ್ರಮವಾಗಿ ನೆನಪಿಲ್ಲ, ಇದು ನನಗೆ ಅಪರೂಪ. ನನ್ನನ್ನೂ ಚಿವುಟು ಎಂದು ಮುಂಗೈ ಚಾಚಿದ್ದು ಗೊತ್ತು. ಚಿವುಟಿದಳು, ಉರಿಯಿತು, ಇನ್ನೊಂದು ಕೈ ಚಾಚಿದೆ. ಕೂಗಿಗೆ ಬಂದ ಪಕ್ಕದ ಮನೆಯಾಕೆ ಏನಾಯಿತೆಂದು ಕೇಳಿದ್ದಕ್ಕೆ ಉತ್ತರವಾಗಿ ಆಕೆಯನ್ನೂ ಚಿವುಟಿಸಿದೆವು. ಬಾದಾಮಿಯ ತಮ್ಮ ಫೋನಿನಲ್ಲಿ ವಿಷಯ ಕೇಳಿ, ನಾಳೆಯೇ ಚಿವುಟಿಸಿಕೊಳ್ಳಲು ಬರುತ್ತೇನೆ, ಎಡಗೈಗೆ ಬೇಡ, ವಾಚು ಇರುತ್ತದೆ ಎಂದ. ಬೀಗತಿಯರಿಬ್ಬರೂ ಒಂದೇ ವಿಡಿಯೋ ಕರೆಯಲ್ಲಿ ಬಂದರು, ಆಪರೇಶನ್ನಿನ ಎಲುಬು ಹೆಚ್ಚೋ ಬರೀ ಪ್ಲಾಸ್ಟರಿನದು ಹೆಚ್ಚೋ ಎಂಬುದನ್ನು ಇಬ್ಬರೂ ಎತ್ತಲಿಲ್ಲ. ಡಾಕ್ಟರಿಗೆ ಅರ್ಧಚಂದ್ರಗಳ ಫೋಟೋ ಕಳಿಸಿದೆ. ಛಲೋ ಆತು, ಹುಬ್ಬಳ್ಳಿ ಬೇಡ, ಇನ್ನು ತಾನೇ ಬಲ ಬರುತ್ತದೆ, ಚಿವುಟಿಸಿಕೊಂಡವರಿಗೆ ಮುಲಾಮು ಹಚ್ಚಿ ಎಂದು ಬರೆದರು.

ಹಿರಿಯ ಮಗಳಿಗೆ ಮಾತ್ರ ನಾನು ಹೇಳಲಿಲ್ಲ. ಇವರೆಲ್ಲರಿಗಿಂತ ಮೊದಲೇ ವಿಡಿಯೋ ಕರೆ ಹಚ್ಚಿ ಫೋನನ್ನು ಮಗುವಿನ ಕೈಗೆ ಕೊಟ್ಟಿದ್ದೆ. ಅವಳು ತನ್ನ ಚೀಲದಿಂದ ನೂಲಿನ ಗಂಟು ತಂದು, ಫೋನನ್ನು ಡಬ್ಬಿಗೆ ಒರಗಿಸಿಟ್ಟು, ಎರಡು ಎಳೆ ಬಿಡಿಸಿಕೊಂಡು, ನಾಲಿಗೆ ಹೊರಗೆ ಹಾಕಿ, ಮೂರನೆಯ ಪ್ರಯತ್ನಕ್ಕೆ ಒಂದು ಕೊಂಡಿ ಹಾಕಿದಳು. ಆ ಕಡೆ ಮಗ್ಗದ ಸದ್ದು ನಿಂತಿತು.

ಹುನಗುಂದದವಳನ್ನು ಕೇಳಿದೆ, ಅಕ್ಕ ಚಿವುಟಲಿ ಎಂದು ಬೇಕೆಂದೇ ಕರದಂಟು ಕಸಿದೆಯಾ ಎಂದು. ಅವಳು ನನ್ನನ್ನು ಪಾಪ ಎನ್ನುವಂತೆ ನೋಡಿದಳು. ಹಸಿವಾಗಿತ್ತು ಎಂದಳು.

ಐದೂ ಮುಕ್ಕಾಲಿಗೆ ಕಪಾಟಿನಿಂದ ವಹಿ ತೆಗೆದೆ. ಒಂದು ವಾರ ಇಡಬೇಕಿತ್ತು, ಆರು ತಾಸು ತುಂಬಲಿಲ್ಲ. ಬರೆದೆ: ನಾಲ್ಕೂ ಹತ್ತು, ಚಿವುಟು ಬಂತು, ಗುರುತು ಎರಡು. ಉಂಗುರ ಬಂತು. ಕೊಂಡಿ ಒಂದು. ಬಿದ್ದ ಡಬ್ಬಿಗೆ ತಗ್ಗು.

ಹೊತ್ತು ಮುಳುಗಿ ದೀಪ ಹಚ್ಚುವ ಮೊದಲು ಇನ್ನೊಂದು ಕೆಲಸ ಉಳಿದಿತ್ತು. ಇಳಕಲ್ಲಿನವಳನ್ನು ಕಟ್ಟೆಯ ಮೇಲೆ ಕೂಡಿಸಿಕೊಂಡು, ಹತ್ತೂ ಬೆರಳಿನ ಉಗುರು ಕತ್ತರಿಸಿ, ಕಾಗದದಲ್ಲಿ ಸುತ್ತಿ ಎಸೆದು, ಕೈ ತೊಳೆದೆ. ಆರೂ ಹತ್ತು.